ಆಕಾಶದ ಅಕ್ಕಿ

ಭದ್ರಾವತಿಯ ಕಾಗದನಗರದ ಪುಟ್ಟ ಚರ್ಚಿನ ಹೆಂಗಸರಿಗೆ ಒಂದು ರೂಢಿ ಇತ್ತು. ಅನ್ನಕ್ಕೆ ಅಕ್ಕಿ ಅಳೆದುಕೊಂಡ ಮೇಲೆ, ತೊಳೆಯುವ ಮುಂಚೆ, ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಬೇಕು. ಚೀಲದಿಂದ ತೆಗೆಯುವ ಹಾಗಿಲ್ಲ, ಅಂದಿನ ಊಟಕ್ಕೆಂದು ಅಳೆದದ್ದರಿಂದಲೇ ತೆಗೆಯಬೇಕು. ತಮ್ಮ ತಟ್ಟೆಯಲ್ಲಿ ಅಷ್ಟು ಕಡಿಮೆಯಾಯಿತು ಎಂದು ಗೊತ್ತಾದರೆ ಅದು ಕಾಣಿಕೆ, ಗೊತ್ತಾಗದಿದ್ದರೆ ಅದು ಬರೀ ಅಕ್ಕಿ ಎಂದು ಹಿಂದಿನ ಕಾಲದ ಸಭಾಪಾಲಕರೊಬ್ಬರು ಕಲಿಸಿಹೋಗಿದ್ದರು. ಭಾನುವಾರ ಆ ಹಿಡಿ ಅಕ್ಕಿಯೆಲ್ಲ ಚರ್ಚಿನ ಹಿಂದಿನ ಕೋಣೆಯ ದೊಡ್ಡ ತಗಡಿನ ಡಬ್ಬಕ್ಕೆ ಬಂದು ಬೀಳುತ್ತಿತ್ತು. ಸಣ್ಣಕ್ಕಿ, ಕೆಂಪಕ್ಕಿ, ರೇಷನ್ನಿನ ನುಚ್ಚು ಎಲ್ಲವೂ ಅಲ್ಲಿ ಬೆರೆತು, ಯಾರದು ಯಾವುದು ಎಂದು ದೇವರಿಗೆ ಮಾತ್ರ ಗೊತ್ತಿರುತ್ತಿತ್ತು.

ಆ ಡಬ್ಬದ ಉಸ್ತುವಾರಿ ಜೀವರತ್ನಮ್ಮನದು. ಅವಳೇ ಕೇಳಿ ವಹಿಸಿಕೊಂಡ ಕೆಲಸವಲ್ಲ. ಹಾಡಿನ ಗುಂಪು, ಭಾನುವಾರದ ಮಕ್ಕಳ ಪಾಠ, ಮನೆಮನೆಯ ಪ್ರಾರ್ಥನೆ ಎಂದು ಹೆಂಗಸರು ಕೆಲಸ ಹಂಚಿಕೊಂಡಾಗ, ಬಾಯಿ ತೆರೆಯದೆ ಮಾಡಬಹುದಾದದ್ದು ಇದೊಂದೇ ಉಳಿದಿತ್ತು.

ಅವಳು ಆಯನೂರಿನ ಆಚೆಯ ಒಂದು ಹಳ್ಳಿಯವಳು. ಅವಳ ಊರಿನವರ ನಾಲಿಗೆಗೆ ‘ಹ’ ಎಂಬ ಅಕ್ಷರ ಹತ್ತುತ್ತಿರಲಿಲ್ಲ. ಹಾಲು ಆಲಾಗುತ್ತಿತ್ತು, ಹೂವು ಊವಾಗುತ್ತಿತ್ತು. ಊರಲ್ಲಿದ್ದಷ್ಟು ದಿನ ಅದು ಯಾರಿಗೂ ತಪ್ಪಾಗಿ ಕಂಡಿರಲಿಲ್ಲ, ಎಲ್ಲರ ಹಾಲೂ ಆಲೇ. ಕಾಗದದ ಮಿಲ್ಲಿನಲ್ಲಿ ಕೆಲಸದಲ್ಲಿದ್ದ ಸಮಾಧಾನಪ್ಪನನ್ನು ಮದುವೆಯಾಗಿ ಕ್ವಾರ್ಟರ್ಸಿಗೆ ಬಂದ ಹೊಸತರಲ್ಲಿ, ಸೊಸೆ ಓದು ಬಲ್ಲವಳೆಂದು ಅತ್ತೆ ಹೆಮ್ಮೆಯಿಂದ ಹೇಳಿಕೊಂಡದ್ದರಿಂದ, ಆರಾಧನೆಯಲ್ಲಿ ಬೈಬಲ್ಲಿನ ವೇದಪಾಠ ಓದುವ ಸರದಿ ಅವಳಿಗೆ ಬಂತು. ಅಂದಿನ ಪಾಠ, ಪಕ್ಷಿಗಳನ್ನು ಸಾಕುವ ತಂದೆ ನಿಮ್ಮನ್ನೂ ಸಾಕುತ್ತಾನೆ, ಚಿಂತೆ ಬಿಡಿ ಎನ್ನುವ ಭಾಗ. ಅವಳು ಚೆನ್ನಾಗಿಯೇ ಶುರುಮಾಡಿದಳು. ಆದರೆ ಸೆರಗು ಸರಿಮಾಡಿಕೊಂಡು, ದನಿ ಎತ್ತರಿಸಿ, ಆಕಾಶದ ಹಕ್ಕಿಗಳನ್ನು ಆಕಾಶದ ಅಕ್ಕಿಗಳೆಂದು ಓದಿಬಿಟ್ಟಳು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಂದಿನ ಸಭಾಪಾಲಕರು ಒಳ್ಳೆಯ ಮನಸ್ಸಿನಿಂದಲೇ, “ಹಕ್ಕಿ ಕಣಮ್ಮ, ಹಕ್ಕಿ” ಎಂದು ತಿದ್ದಿದರು. ಅವಳು ಗಾಬರಿಯಲ್ಲಿ, “ಊಂ ಅಯ್ಯನವರೇ, ಅಕ್ಕಿ” ಎಂದಳು. ಆಮೇಲೆ ನಗು ಯಾರ ಕೈಗೂ ಸಿಗಲಿಲ್ಲ. ಅಯ್ಯನವರೂ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಅವಳು ಪಾಠವನ್ನು ಅರ್ಧಕ್ಕೇ ಬಿಟ್ಟು ಬಂದು ಕುಳಿತಳು. ಮುಂದಿನ ವಾರದಿಂದ ಅವಳು ‘ಅಕ್ಕಿಯಮ್ಮ’ ಆದಳು.

ಯಾರಿಗೂ ಅವಳ ಮೇಲೆ ದ್ವೇಷವಿರಲಿಲ್ಲ. ಪ್ರೀತಿಯಿಂದಲೇ ಕರೆಯುತ್ತಿದ್ದರು. ಆದರೆ ಪ್ರೀತಿಯಿಂದ ಇಟ್ಟ ಕಲ್ಲೂ ಕಲ್ಲೇ. ಅಂದಿನಿಂದ ಅವಳು ಚರ್ಚಿನಲ್ಲಿ ದನಿ ತೆಗೆಯಲಿಲ್ಲ. ಹಾಡುವಾಗ ತುಟಿ ಮಾತ್ರ ಆಡಿಸುತ್ತಿದ್ದಳು. ಮೌನಕ್ಕೂ ಒಂದು ಬಳ್ಳಿಯ ಗುಣವಿದೆ, ಒಂದು ಕಡೆ ನೆಟ್ಟರೆ ಅಲ್ಲೇ ನಿಲ್ಲುವುದಿಲ್ಲ. ಚರ್ಚಿನಲ್ಲಿ ಶುರುವಾದದ್ದು ಅಂಗಡಿಗೆ ಹಬ್ಬಿತು, ಶಾಲೆಯ ಮೇಷ್ಟ್ರ ಮುಂದೆ ಹಬ್ಬಿತು, ಕೊನೆಗೆ ಮನೆಯೊಳಗೂ ಬಂತು. ಮಗಳು ದೊಡ್ಡವಳಾಗಿ ಮದುವೆಯಾಗಿ ಹೋಗುವಷ್ಟರಲ್ಲಿ, “ಅವಳನ್ನ ಏನು ಕೇಳ್ತೀರಿ, ಅವಳು ಏನೂ ಹೇಳಲ್ಲ ಬಿಡಿ” ಎನ್ನುವುದು ಸಮಾಧಾನಪ್ಪನ ಬಾಯಿಪಾಠವಾಗಿತ್ತು.

ಡಬ್ಬದ ಅಕ್ಕಿಯನ್ನು ವಾರಕ್ಕೊಮ್ಮೆ ಚೀಲಕ್ಕೆ ತುಂಬಿ ಅವಳು ಭದ್ರಾವತಿಯ ಹಳೇ ಸೇತುವೆಯ ಬಳಿ ಇದ್ದ ಚಿನ್ನಮ್ಮನ ಮನೆಗೆ ಒಯ್ಯುತ್ತಿದ್ದಳು. ಚಿನ್ನಮ್ಮ ಒಂದು ಕಾಲದಲ್ಲಿ ಇದೇ ಚರ್ಚಿನ ಗಂಟೆ ಎಳೆಯುತ್ತಿದ್ದವಳು. ಗಂಡ ಕಬ್ಬಿಣದ ಕಾರ್ಖಾನೆಯಲ್ಲಿ ಕೂಲಿಯಾಗಿದ್ದು ತೀರಿಕೊಂಡಿದ್ದ. ಹುಟ್ಟಿನಿಂದಲೂ ನಡೆಯಲಾರದ, ಮಾತೂ ಬಾರದ ಮಗಳೊಬ್ಬಳು ಮಂಚದ ಮೇಲಿದ್ದಳು. ಮಗಳನ್ನು ಬಿಟ್ಟು ಬರಲಾಗದೆ, ಮಂಡಿಯ ನೋವಿಗೆ ನಡೆಯಲೂ ಆಗದೆ, ಚಿನ್ನಮ್ಮ ಚರ್ಚಿಗೆ ಬರುವುದು ನಿಂತು ವರ್ಷಗಳಾಗಿದ್ದವು. ಕಣ್ಣಿಗೆ ಬೀಳದವರನ್ನು ಜನ ಮರೆಯುತ್ತಾರೆ. ಹಿಡಿ ಅಕ್ಕಿ ‘ಬಡವರಿಗೆ’ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ಬಡವರೆಂದರೆ ಯಾರು ಎಂದು ಜೀವರತ್ನಮ್ಮನಿಗೆ ಮಾತ್ರ ಗೊತ್ತಿತ್ತು.

ಆ ವರ್ಷ ಸುಗ್ಗಿ ಹಬ್ಬ ಹತ್ತಿರ ಬಂದಾಗ, ಆರಾಧನೆಯ ಕೊನೆಗೆ ಸಭೆಯ ಕಾರ್ಯದರ್ಶಿ ಅರುಳಪ್ಪ ಎದ್ದುನಿಂತರು. ಮಿಲ್ಲಿನಲ್ಲಿ ಫೋರ್‌ಮನ್ ಆಗಿದ್ದ ಅವರಿಗೆ ಯಂತ್ರದ ಸದ್ದಿನ ಮೇಲೆ ಮಾತಾಡಿ ಅಭ್ಯಾಸ.

“ಗೇಟಿಗೆ ಒಂದು ಕಮಾನು ಕಟ್ಟಿಸಬೇಕು ಅಂತ ಬಹಳ ದಿನದ ಆಸೆ. ಹಬ್ಬದಲ್ಲಿ ಕುಂಬಳಕಾಯಿ, ಬಾಳೆಗೊನೆ, ಕೋಳಿ ಎಲ್ಲ ಹರಾಜು ಹಾಕ್ತೀವಲ್ಲ, ಇನ್ಮೇಲೆ ಹಿಡಿ ಅಕ್ಕೀನೂ ಅದಕ್ಕೇ ಸೇರಿಸೋಣ. ಈಗ ಸೊಸೈಟೀಲಿ ರೇಷನ್ ಸಿಗುತ್ತೆ. ನಮ್ಮ ಹಿಡಿ ಅಕ್ಕಿಗೆ ಯಾರು ಕಾದು ಕೂತಿದಾರೆ? ಮುಂದಿನ ತಿಂಗಳ ಮೊದಲನೇ ಭಾನುವಾರ ಸಭೆ ಸೇರಿ ತೀರ್ಮಾನ ಮಾಡೋಣ. ಏನಾದ್ರೂ ಹೇಳೋರು ಇದ್ರೆ ಅವತ್ತು ಹೇಳಿ.”

ಅಂದು ಮನೆಗೆ ಬಂದು ಜೀವರತ್ನಮ್ಮ ಗಂಡನಿಗೆ ಬಡಿಸುತ್ತಾ, “ಚಿನ್ನಮ್ಮನ ಕತೆ ಏನು?” ಎಂದಳು.

“ಯಾವ ಚಿನ್ನಮ್ಮ?” ಎಂದ ಸಮಾಧಾನಪ್ಪ. ಅವಳು ಹೇಳಿದಳು. ಅವನು ಕೈಯನ್ನು ತಟ್ಟೆಯಲ್ಲೇ ನಿಲ್ಲಿಸಿದ. “ಪಾಪವೇ. ಆದ್ರೆ ನಾನು ಹೆಂಗೆ ಮಾತಾಡ್ಲಿ? ಅರುಳಪ್ಪ ನಮ್ಮ ಸೆಕ್ಷನ್ನಿನೋರು. ಬೆಳಗಾದ್ರೆ ಅವರ ಮುಖ ನೋಡ್ಬೇಕು. ನಮ್ಮ ಮನೆಯಿಂದ ಒಂದಿಷ್ಟು ಕೊಟ್ಟರೆ ಆಯ್ತಪ್ಪ.”

ಅವರ ಮನೆಯಿಂದ ಕೊಡುವ ‘ಒಂದಿಷ್ಟು’ ಎರಡು ಬಾಯಿಗೆ ಸಾಲುವುದಲ್ಲ ಎಂದು ಅವನಿಗೂ ಗೊತ್ತಿತ್ತು.

ಅವಳು ಈಗಿನ ಅಯ್ಯನವರ ಹೆಂಡತಿ ವಿಮಲಾ ಅಮ್ಮನವರ ಬಳಿ ಹೋದಳು. ಅವರು ಈ ಸಭೆಗೆ ವರ್ಗವಾಗಿ ಬಂದು ಇನ್ನೂ ಹೊಸದು. ಎಲ್ಲವನ್ನೂ ಕೇಳಿಸಿಕೊಂಡು ಅವರು ಹೇಳಿದರು: “ನಾನು ಹೇಳಬಹುದು ರತ್ನಮ್ಮ. ಆದ್ರೆ ನಾನು ಆ ಮನೆ ನೋಡಿಲ್ಲ. ಕೇಳಿದ ಮಾತನ್ನ ಹೇಳಿದ್ರೆ, ಅಯ್ಯನವರ ಮನೆಯೋರಿಗೆ ಕಮಾನು ಇಷ್ಟ ಇಲ್ಲ ಅಂತ ಅಷ್ಟೇ ಆಗುತ್ತೆ. ಆ ಒಲೆ ಮುಂದೆ ಕೂತೋರು ನೀವು. ಕಂಡೋರು ಹೇಳಿದ್ರೇನೇ ಸಾಕ್ಷಿ.”

“ನಂಗೆ ಏಳಕ್ಕೆ ಬರಲ್ಲ ಅಮ್ಮಾರೇ.”

“ಹೋಗಲಿ, ಶನಿವಾರ ಶಿವಮೊಗ್ಗದಲ್ಲಿ ಹೆಂಗಸರ ಕೂಟ ಇದೆ. ಬನ್ನಿ. ಅಷ್ಟಾದ್ರೂ ಮಾಡಿ.”

ಶನಿವಾರ ಬೆಳಗ್ಗೆ ಹೆಂಗಸರ ಗುಂಪು ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ, ತುಂಗಾ ಸೇತುವೆ ದಾಟಿ ಶಿವಮೊಗ್ಗ ಸೇರಿತು. ಅಂದು ಮಾತಾಡಲು ಬಂದಿದ್ದವರು ಸುಮನಾ ಸಿಸ್ಟರ್. ನರ್ಸ್ ಆಗಿ ನಿವೃತ್ತರಾದವರು. ದಪ್ಪ ಕನ್ನಡಕ, ದೊಡ್ಡ ಮೈ, ಅದಕ್ಕಿಂತ ದೊಡ್ಡ ನಗು. ಸ್ವಾಮಿ ಮರಣವನ್ನು ಗೆದ್ದ ಬೆಳಗ್ಗೆ ಸಮಾಧಿಯಿಂದ ಓಡಿಬಂದ ಹೆಂಗಸರ ಕತೆಯನ್ನು ಅವರು, ನಿನ್ನೆ ಪಕ್ಕದ ಬೀದಿಯಲ್ಲಿ ನಡೆದದ್ದೋ ಎನ್ನುವ ಹಾಗೆ ಹೇಳಿದರು.

“ಜಗತ್ತಿನ ಅಷ್ಟು ದೊಡ್ಡ ಸುದ್ದೀನ ದೇವರು ಮೊದಲು ಕೊಟ್ಟಿದ್ದು ಹೆಂಗಸರ ಬಾಯಿಗೆ. ಅವರು ಬಂದು ಹೇಳಿದ್ರೆ ಗಂಡಸರು ಏನಂದ್ರು? ಇವರದ್ದು ಬರೀ ಹರಟೆ ಅಂದ್ರು. ಹರಟೆ ಅಂದ್ರು ಅಂತ ಇವರೇನು ಸುದ್ದೀನ ವಾಪಸ್ ತಗೊಂಡ್ರಾ? ಇಲ್ಲಮ್ಮ. ಹೇಳಿದ್ದು ಹೇಳಿದ್ದೇ.”

ಹೆಂಗಸರು ನಕ್ಕರು. ಆಮೇಲೆ ಒಬ್ಬೊಬ್ಬರೇ ಎದ್ದು ಹೆಸರು, ಊರು ಹೇಳಬೇಕೆಂದಾಯಿತು. ಜೀವರತ್ನಮ್ಮನ ಸರದಿ ಬಂದಾಗ ಅವಳು ಎದ್ದಳು, ಬಾಯಿ ತೆರೆದಳು, ಹೆಸರು ಹೊರಡಲಿಲ್ಲ. ಪಕ್ಕದಲ್ಲಿದ್ದವಳು ಕನಿಕರದಿಂದ, “ಜೀವರತ್ನಮ್ಮ, ಭದ್ರಾವತಿ” ಎಂದು ತಾನೇ ಹೇಳಿ ಅವಳ ಸೆರಗೆಳೆದು ಕೂರಿಸಿದಳು.

ಊಟವಾದ ಮೇಲೆ ಅವಳು ಹಿತ್ತಲಿನ ನಲ್ಲಿಯಲ್ಲಿ ತಟ್ಟೆ ತೊಳೆಯುತ್ತಿದ್ದಾಗ ಸುಮನಾ ಸಿಸ್ಟರ್ ತಮ್ಮ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ನಿಂತರು.

“ನಿಮ್ಮ ಹೆಸರು ಪಕ್ಕದೋರ ಬಾಯಲ್ಲಿ ಕೇಳ್ದೆ. ನಿಮ್ಮ ಬಾಯಲ್ಲಿ ಹೇಗಿರುತ್ತೆ?”

“ಜೀವರತ್ನ.”

“ನಲ್ಲಿ ಗೆದ್ದುಬಿಡ್ತು. ಇನ್ನೊಂದ್ಸಲ.”

ಅವಳು ನಲ್ಲಿ ನಿಲ್ಲಿಸಿದಳು. “ಜೀವರತ್ನ.”

“ಎಷ್ಟು ಚೆನ್ನಾಗಿದೆ! ಇಂಥಾ ಹೆಸರು ಇಟ್ಕೊಂಡು ಯಾಕಮ್ಮ ಒಳಗೇ ಬೀಗ ಹಾಕ್ಕೊಂಡಿದೀರಿ?”

ಯಾರಿಗೂ ಹೇಳದ ಕತೆಯನ್ನು ಅವಳು ಆ ಒದ್ದೆ ಕಲ್ಲಿನ ಮೇಲೆ ಕುಳಿತು ಹೇಳಿದಳು. ‘ಆಕಾಶದ ಅಕ್ಕಿ’ಗೆ ಬರುವಷ್ಟರಲ್ಲಿ ಸಿಸ್ಟರ್ ಅವರ ಭುಜ ಕುಲುಕತೊಡಗಿತು.

“ತಪ್ಪು ತಿಳ್ಕೊಬೇಡಿ, ನಗು ಬರ್ತಿದೆ. ತಮಾಷೆಯಾಗೇ ಇದೆ ಕಣಮ್ಮ. ಆದ್ರೆ ತಮಾಷೆ ನಡೆದಿದ್ದು ಒಂದು ದಿನ. ನೀವು ಬಾಯಿ ಮುಚ್ಚಿದ್ದು?”

ಅವಳಿಗೆ ಮಗಳ ವಯಸ್ಸು ನೆನಪಾಯಿತು, ಹೆಚ್ಚುಕಡಿಮೆ ಅಷ್ಟೇ ವರ್ಷ.

“ಈಗ ಏಳ್ಬೇಕು ಸಿಸ್ಟರ್. ಚಿನ್ನಮ್ಮನಿಗೋಸ್ಕರ. ಏಳದೇ ಓದ್ರೆ ಆ ಮನೇಲಿ ಒಲೆ ಉರಿಯಲ್ಲ. ಆದ್ರೆ ಏಳಕ್ಕೆ ಆಗ್ತಿಲ್ಲ.”

ಸಿಸ್ಟರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. “ಏಳ್ಬೇಕು ಅಂದ್ರಲ್ಲ, ಎದ್ದು ನಿಲ್ಲೋದಾ, ಮಾತಾಡೋದಾ?”

“ನಮ್ಮೂರಲ್ಲಿ ಎರಡಕ್ಕೂ ಒಂದೇ ಸಿಸ್ಟರ್,” ಎಂದು ಅವಳು ನಾಚಿಕೊಂಡಳು.

“ಸತ್ತು ಮಲಗಿದ್ದ ಒಂದು ಹೆಣ್ಣುಮಗು ಕೈ ಹಿಡಿದು ನಮ್ಮ ಸ್ವಾಮಿ ಏನಂದ? ನೆನಪಿದೆಯಾ?”

“ಏಳು ಅಂದ.”

“ನಿಮ್ಮೂರಿನ ಕಿವಿಗೆ ಅದು ಹೇಗೆ ಕೇಳುತ್ತೆ?”

ಗೋಡೆಯಾಚೆ ಹೆಂಗಸರು ಹಾಡಲು ಶುರುಮಾಡಿದ್ದರು. ಅಷ್ಟು ವರ್ಷ ಅವಳಿಗೆ ಕೊರತೆಯಾಗಿ ಕಂಡ ಆ ‘ಹ’ ಅಕ್ಷರ, ಆ ಒಂದು ಮಾತಿನೊಳಗೆ ಇಲ್ಲದೆ ಇದ್ದದ್ದೇ ಒಳ್ಳೆಯದಾಯಿತು ಎನ್ನಿಸಿತು.

“ಪ್ಲಾಸ್ಟರ್ ಬಿಚ್ಚಿದ ಕೈಗೆ ಮೊದಲನೇ ದಿನವೇ ಕೊಡ ಹೊರಿಸಲ್ಲ ನಾವು,” ಎಂದರು ಸಿಸ್ಟರ್. “ಬೆರಳು ಆಡಿಸು ಅಂತೀವಿ. ನೀವು ದಿನಾ ಹಿಡಿ ಅಕ್ಕಿ ಹಾಕ್ತೀರಲ್ಲ, ಹಾಕುವಾಗ ದೇವರ ಹತ್ರ ಒಂದು ಮಾತು ಗಟ್ಟಿಯಾಗಿ ಹೇಳಿ. ಮನಸ್ಸಲ್ಲಿ ಅಲ್ಲ, ಬಾಯಲ್ಲಿ. ಒಂದೇ ಮಾತು ಸಾಕು.”

ಮರುದಿನ ಅಡುಗೆಮನೆಯಲ್ಲಿ ಅವಳು ಹಿಡಿ ತುಂಬ ಅಕ್ಕಿ ಹಿಡಿದುಕೊಂಡು ನಿಂತಳು. “ದೇವರೇ,” ಎಂದಳು. ಮುಂದೆ ಏನೂ ತೋಚಲಿಲ್ಲ. ಅಕ್ಕಿ ಹಾಕಿದಳು. ಅದರ ಮರುದಿನ, “ದೇವರೇ, ಇವತ್ತು ಸಾರಿಗೆ ಉಪ್ಪು ಜಾಸ್ತಿಯಾಗಿದೆ” ಎಂದಳು. ಹೇಳಿ ತನಗೇ ನಗು ಬಂತು. ಹೀಗೇ ಒಂದೊಂದು ಹಿಡಿಗೆ ಒಂದೊಂದು ಮಾತು. ಮೊಣಕೈ ನೋವು, ಮಗಳ ಕಾಗದ ಬಾರದ್ದು, ನೀರು ನಿಂತುಹೋದದ್ದು. ಆಮೇಲೆ ಒಂದು ದಿನ, “ದೇವರೇ, ಅವತ್ತು ಅವರೆಲ್ಲ ನಕ್ಕಿದ್ದು ನಂಗೆ ಬಾಳ ನೋವಾಯ್ತು” ಎಂಬ ಮಾತೂ ಬಂತು. ಅಂದು ಅಕ್ಕಿ ಹಾಕಿದ ಮೇಲೂ ಅವಳು ಬಹಳ ಹೊತ್ತು ಡಬ್ಬಿಯ ಬಾಯಿ ಮುಚ್ಚಲಿಲ್ಲ.

ಪಕ್ಕದ ಕ್ವಾರ್ಟರ್ಸಿನ ಕಲ್ಲಮ್ಮನಿಗೆ ಇದೆಲ್ಲ ಗೋಡೆಯ ಮೂಲಕ ಕೇಳುತ್ತಿತ್ತು. ಕಲ್ಲಮ್ಮ ಲಿಂಗಾಯತರವಳು, ಮಾತಿಗೆ ಎಂದೂ ಬರಗಾಲವಿಲ್ಲದವಳು. ಒಂದು ಬೆಳಗ್ಗೆ ಒಣಗಿದ ಬಟ್ಟೆ ತೆಗೆಯುತ್ತಾ ಕೇಳಿಯೇಬಿಟ್ಟಳು:

“ಅಲ್ಲ ಮಾರಾಯ್ತಿ, ನಿಮ್ಮ ಯಜಮಾನರು ಮೊದಲನೇ ಶಿಫ್ಟಿಗೆ ಹೋಗಿರ್ತಾರೆ. ಮನೇಲಿ ಇರೋದು ನೀನೊಬ್ಳೇ. ಯಾರ ಹತ್ರ ಮಾತಾಡ್ತೀಯ ಅಷ್ಟು?”

“ದೇವರತ್ರ.”

“ದೇವ್ರಿಗೆ ಅಷ್ಟು ಕೂಗಿ ಹೇಳ್ಬೇಕಾ? ನಿಮ್ಮ ದೇವ್ರಿಗೆ ಕಿವಿ ಮಂದವಾ?”

“ದೇವರಿಗಲ್ಲ ಕಲ್ಲಕ್ಕ, ನಂಗೆ ಕೇಳ್ಬೇಕಲ್ಲ.”

ಕಲ್ಲಮ್ಮ ಹೆಗಲ ಮೇಲಿನ ಬಟ್ಟೆ ಹಾಗೇ ಬಿಟ್ಟು ಅವಳನ್ನೇ ನೋಡಿದಳು. “ಇಷ್ಟು ವರ್ಷದಲ್ಲಿ ನೀನು ಇಷ್ಟುದ್ದ ಮಾತಾಡಿದ್ದು ಇವತ್ತೇ ಕಣೆ. ಹಿಂಗೇ ಮಾತಾಡ್ತಿರು. ಗೋಡೆ ಮಧ್ಯ ಇದ್ರೂ ಜೊತೆ ಇದ್ದಂಗಾಗುತ್ತೆ.”

ಸಭೆಯ ಭಾನುವಾರ ಬಂತು. ಆರಾಧನೆ ಮುಗಿದ ಮೇಲೆ ಯಾರೂ ಮನೆಗೆ ಹೋಗದೆ ಬೆಂಚುಗಳಲ್ಲೇ ಕುಳಿತರು. ಕಮಾನಿನ ಚಿತ್ರವನ್ನು ಅರುಳಪ್ಪ ರಟ್ಟಿಗೆ ಅಂಟಿಸಿ ತಂದಿದ್ದರು. ನಿಜಕ್ಕೂ ಚೆಂದವಿತ್ತು, ಎರಡು ಕಡೆ ಪಾರಿವಾಳ, ನಡುವೆ ಶಿಲುಬೆ. ಗಂಡಸರು ತಲೆಯಾಡಿಸಿದರು. ಹೆಂಗಸರು ಸೆರಗು ಸರಿಮಾಡಿಕೊಂಡರು.

“ಹಾಗಾದ್ರೆ ಎಲ್ಲರಿಗೂ ಒಪ್ಪಿಗೆ ಅಂತ ಬರ್ಕೊಳ್ಳಲಾ? ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?” ಎಂದು ಕೇಳಿ ಅರುಳಪ್ಪ ಆಗಲೇ ಪೆನ್ನು ತೆರೆದರು.

ಜೀವರತ್ನಮ್ಮ ಅಭ್ಯಾಸದಂತೆ ಬಲಗೈಯನ್ನು ಮುಷ್ಟಿ ಮಾಡಿದಳು, ಅದರಲ್ಲಿ ಅಕ್ಕಿ ಇದೆಯೋ ಎನ್ನುವ ಹಾಗೆ. ಏಳು, ಎಂದು ಕೇಳಿಸಿತು. ಹೊರಗಿನಿಂದಲ್ಲ. ಅವಳ ಊರಿನ ಮಾತಿನಲ್ಲಿ, ಎರಡೂ ಅರ್ಥದಲ್ಲಿ.

ಅವಳು ಎದ್ದಳು.

“ಅಯ್ಯನವರೇ, ಅರುಳಪ್ಪನೋರೇ. ನಾನೊಂದು ಮಾತು ಏಳ್ಬೇಕು. ಅಕ್ಕಿ ವಿಷಯ.”

ಆ ಶಬ್ದ ಬಿದ್ದ ಕೂಡಲೇ ಹಿಂದಿನ ಸಾಲಿನಲ್ಲಿ ಹಳೆಯ ನಗು ಕಣ್ಣುಬಿಟ್ಟಿತು. ಯಾರೋ “ಅಕ್ಕಿಯಮ್ಮ” ಎಂದು ಪಿಸುಗುಟ್ಟಿದರು. ಮುಂದಿನ ಬೆಂಚಿನಲ್ಲಿ ಕಿವಿ ಮಂದವಾದ ಮುದುಕ ಮೂರ್ತಪ್ಪ ಪಕ್ಕದವನನ್ನು ತಿವಿದು ಗಟ್ಟಿಯಾಗಿ ಕೇಳಿದ:

“ಏನಂತೆ? ಹಕ್ಕಿ ವಿಷಯವಾ?”

ಜೀವರತ್ನಮ್ಮ ಅವನ ಕಡೆ ತಿರುಗಿದಳು. “ಅಲ್ಲ ತಾತ. ಈ ಸಲ ಅಕ್ಕೀನೇ.”

ಚರ್ಚಿಗೆ ಚರ್ಚೇ ನಕ್ಕಿತು. ಅವಳೂ ನಕ್ಕಳು. ಮೊದಲ ಸಲದ ನಗುವಿನ ಹೊರಗೆ ಅವಳೊಬ್ಬಳೇ ನಿಂತಿದ್ದಳು, ಇದರ ಒಳಗೆ ಅವಳೂ ಇದ್ದಳು. ನಗು ತಾನಾಗಿ ಇಳಿಯುವವರೆಗೆ ಅವಳು ಕಾದಳು, ಕುಳಿತುಕೊಳ್ಳಲಿಲ್ಲ.

“ನಮ್ಮ ಇಡಿ ಅಕ್ಕಿಗೆ ಯಾರು ಕಾದು ಕೂತಿದಾರೆ ಅಂತ ಅರುಳಪ್ಪನೋರು ಕೇಳಿದ್ರು. ನ್ಯಾಯವಾದ ಮಾತು. ಅದಕ್ಕೇ ಏಳ್ತೀನಿ. ಚಿನ್ನಮ್ಮ ಕಾದು ಕೂತಿದಾರೆ. ಈ ಚರ್ಚಿನ ಗಂಟೆ ಎಳೀತಿದ್ದ ಚಿನ್ನಮ್ಮ. ಅಳೇ ಸೇತುವೆ ಅತ್ರ ಅವರ ಮನೆ. ರೇಷನ್ ಅಂಗಡೀಲಿ ಸಾಲು ನಿಲ್ಲೋಣ ಅಂದ್ರೆ ಮಂಚದ ಮೇಲೆ ಮಗಳು, ಬಿಟ್ಟು ಬರೋ ಅಂಗಿಲ್ಲ. ಪ್ರತಿ ವಾರ ನಾನು ಓದಾಗ ಚೀಲ ಬಿಚ್ಚಿ, ಅಕ್ಕೀನ ಕೈಯಲ್ಲಿ ಮುಟ್ಟಿ, ಇದು ಯಾರ ಮನೇದು, ಇದು ಯಾರ ಮನೇದು ಅಂತ ಕೇಳ್ತಾರೆ. ನಂಗೆ ಗೊತ್ತಿಲ್ಲ ಅಂತೀನಿ. ಆಗ ಅವರು, ಕೆಂಪಕ್ಕಿ ಕೊಟ್ಟೋರು ಚೆನ್ನಾಗಿರಲಿ, ಸಣ್ಣಕ್ಕಿ ಕೊಟ್ಟೋರು ಚೆನ್ನಾಗಿರಲಿ, ನುಚ್ಚು ಕೊಟ್ಟೋರು ಇನ್ನೂ ಚೆನ್ನಾಗಿರಲಿ ಅಂತ ಪ್ರಾರ್ಥನೆ ಮಾಡ್ತಾರೆ. ನಿಮ್ಮೆಲ್ಲರ ಮನೆಗೂ ಸೇರಿಸಿ. ನಾನು ಅಷ್ಟನ್ನೂ ಕೇಳಿಸ್ಕೊಂಡು ಬಂದು, ನಿಮಗೆ ಏಳದೇ ಇಟ್ಕೊಂಡೆ. ಕಮಾನು ಬೇಡ ಅಂತ ನಾನು ಏಳಲ್ಲ. ಅಕ್ಕೀನ ಮಾತ್ರ ಅಲ್ಲಿಗೇ ಬಿಡಿ.”

ಇಷ್ಟು ಹೇಳಿ ಕುಳಿತಳು. ದನಿ ನಡುಗಿರಲಿಲ್ಲ ಎಂದು ಅವಳಿಗೇ ಆಮೇಲೆ ತಿಳಿಯಿತು.

ಅರುಳಪ್ಪ ಪೆನ್ನಿನ ಮುಚ್ಚಳ ಹಾಕಿದರು. ಅವರು ಕೆಟ್ಟವರಲ್ಲ, ಅವಸರದವರು.

“ಚಿನ್ನಮ್ಮ ಇನ್ನೂ ಇದಾರಾ?” ಎಂದರು, ಬಹಳ ಸಣ್ಣ ದನಿಯಲ್ಲಿ. “ನನ್ನ ಮದುವೆ ದಿನ ಗಂಟೆ ಎಳೆದಿದ್ದು ಅವರೇ.” ಆಮೇಲೆ ತಮ್ಮ ಎಂದಿನ ದನಿ ಹುಡುಕಿಕೊಂಡು, “ಇದನ್ನ ಮೊದ್ಲೇ ಯಾಕಮ್ಮ ಹೇಳ್ಲಿಲ್ಲ?” ಎಂದು ಕೇಳಿದರು.

ಉತ್ತರ ಕೊಟ್ಟದ್ದು ಸಮಾಧಾನಪ್ಪ. ಅವನು ಎದ್ದಿದ್ದನ್ನು ಯಾರೂ ಗಮನಿಸಿರಲಿಲ್ಲ. “ನಾವು ಕೇಳ್ಲಿಲ್ಲ ಸಾರ್,” ಎಂದ. “ನಾನೂ ಕೇಳ್ಲಿಲ್ಲ.”

ಹಿಡಿ ಅಕ್ಕಿ ಹರಾಜಿಗಿಲ್ಲ ಎಂದು ಎಲ್ಲರೂ ಕೈಯೆತ್ತಿದರು. ಮೂರ್ತಪ್ಪ ತಾತ, ಯಾವುದಕ್ಕೆ ಎಂದು ಕೇಳಿ ತಿಳಿದುಕೊಂಡು ಎರಡೂ ಕೈ ಎತ್ತಿದ. ಕಮಾನಿಗೆ ಬಾಳೆಗೊನೆ, ಕೋಳಿಗಳೇ ಸಾಕೆಂದಾಯಿತು.

ಆ ವಾರ ಚಿನ್ನಮ್ಮನ ಮನೆಗೆ ಜೀವರತ್ನಮ್ಮ ಒಬ್ಬಳೇ ಹೋಗಲಿಲ್ಲ. ಅರುಳಪ್ಪನ ಹೆಂಡತಿಯೂ ವಿಮಲಾ ಅಮ್ಮನವರೂ ಜೊತೆಗಿದ್ದರು. ಚಿನ್ನಮ್ಮ ಚೀಲ ಬಿಚ್ಚಿ ಅಕ್ಕಿ ಮುಟ್ಟಿ ನೋಡಿ, ಎಂದಿನಂತೆ, “ಇದು ಯಾರ ಮನೇದು?” ಎಂದಳು. ಕೆಂಪಕ್ಕಿ ಕೊಟ್ಟಿದ್ದ ಅರುಳಪ್ಪನ ಹೆಂಡತಿ ಎದುರಿಗೇ ಕುಳಿತಿದ್ದಳು. “ನಮ್ಮನೇದು ಕಣಮ್ಮ,” ಎಂದು ಅವಳು ಚಿನ್ನಮ್ಮನ ಕೈ ಹಿಡಿದುಕೊಂಡಳು. ಮಂಚದ ಮೇಲಿನ ಮಗಳು ಹೊಸ ಮುಖಗಳನ್ನು ಕಂಡು ಏನೋ ದನಿ ಮಾಡಿದಳು. ಅದು ಮಾತಲ್ಲ. ಆದರೂ ಜೀವರತ್ನಮ್ಮ ಮಂಚದ ಬಳಿ ಕುಳಿತು, ಅದನ್ನು ಕೊನೆಯವರೆಗೂ ಕೇಳಿಸಿಕೊಂಡಳು.

ಹಿಂತಿರುಗುವಾಗ ಸೇತುವೆಯ ಮೇಲೆ ಗಾಳಿ ತಣ್ಣಗಿತ್ತು. ಕೆಳಗೆ ಭದ್ರೆ ಸದ್ದಿಲ್ಲದೆ ಹರಿಯುತ್ತಿದ್ದಳು. ವಿಮಲಾ ಅಮ್ಮನವರು ನಡೆಯುತ್ತಲೇ ಹೇಳಿದರು:

“ಸುಗ್ಗಿ ಹಬ್ಬದ ದಿನ ವೇದಪಾಠ ಓದೋಕೆ ಯಾರಾದ್ರೂ ಬೇಕು ಅಂತಿದ್ರು ಅಯ್ಯನವರು. ನಿಮಗೆ ಕಷ್ಟ ಆಗದೇ ಇರೋ ಸಣ್ಣ ಭಾಗವೊಂದನ್ನ ಆರಿಸಿ ಕೊಡಿಸ್ತೀನಿ. ಓದ್ತೀರಾ?”

ಜೀವರತ್ನಮ್ಮ ಖಾಲಿ ಚೀಲವನ್ನು ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡಳು.

“ಓದ್ತೀನಿ ಅಮ್ಮಾರೇ. ಆದ್ರೆ ಬೇರೇದು ಬೇಡ. ಆ ಅಕ್ಕಿಗಳ ಪಾಠ ಅರ್ಧಕ್ಕೇ ನಿಂತಿದೆ, ಅದನ್ನೇ ಕೊಡಿ.”